ಮಿನಿಯೇಚರ್ ವಾರ್‌ಗೇಮ್‌ಗೆ ರಣಭೂಮಿ ಕಟ್ಟುವುದು: ವಾಟರ್ಲೂ ದಿಬ್ಬವನ್ನೇ ಉದಾಹರಣೆಯಾಗಿಟ್ಟು

ಮಿನಿಯೇಚರ್ ವಾರ್‌ಗೇಮ್ ಎಂದರೆ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ನಡೆಸಿ ಕದನ ಆಡುವ ಆಟ. ಆ ಗೊಂಬೆ ಸೈನಿಕರ ಕೋಟಿನ ಗುಂಡಿಗೂ ಬಣ್ಣ ಹಚ್ಚುವಷ್ಟು ತಾಳ್ಮೆಯಿರುವವರು ಕೂಡ ನೆಲದ ವಿಷಯಕ್ಕೆ ಬಂದಾಗ ಹಸಿರು ಬಟ್ಟೆ ಹಾಸಿ, ಅದರಡಿ ನಾಲ್ಕು ಪುಸ್ತಕ ತುರುಕಿ, ಗುಡ್ಡ ಆಯಿತು ಎಂದುಬಿಡುತ್ತಾರೆ. ಆಟವೇನೋ ನಡೆಯುತ್ತದೆ. ಆದರೆ ಇತಿಹಾಸದ ಕದನಗಳಲ್ಲಿ ಸೇನಾಪತಿಗಳು ತೆಗೆದುಕೊಂಡ ಅರ್ಧಕ್ಕರ್ಧ ನಿರ್ಧಾರಗಳು ನೆಲ ನೋಡಿ ತೆಗೆದುಕೊಂಡವು. ಆ ನೆಲ ಮೇಜಿನ ಮೇಲೆ ಇಲ್ಲದಿದ್ದರೆ ಆ ನಿರ್ಧಾರಗಳೂ ಆಟದಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ಇಲ್ಲಿ ಅಂದಕ್ಕೆ ಎರಡನೇ ಸ್ಥಾನ. ಮೊದಲ ಪ್ರಶ್ನೆ: ಈ ಏರು, ಈ ಬೇಲಿ, ಈ ಮನೆ ಆಟಗಾರನಿಗೆ ಏನು ಮಾಡಲು ಬಿಡುತ್ತದೆ, ಏನನ್ನು ತಡೆಯುತ್ತದೆ?

ಉದಾಹರಣೆಗೆ 1815ರ ಜೂನ್ 18ರ ವಾಟರ್ಲೂ ಕದನದ ಒಂದು ತುಂಡನ್ನು ತೆಗೆದುಕೊಳ್ಳೋಣ. ಮಧ್ಯಾಹ್ನ ಒಂದೂವರೆ–ಎರಡರ ಹೊತ್ತಿಗೆ ಫ್ರೆಂಚ್ ಜನರಲ್ ಡೆರ್ಲಾನ್‌ನ ಕೋರ್ (ಹಲವು ಡಿವಿಷನ್‌ಗಳ ದೊಡ್ಡ ದಂಡು), ಎದುರಾಳಿ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ನ ಎಡಭಾಗದ ದಿಬ್ಬದ ಮೇಲೆ ಏರಿ ಬಂದ ಭಾಗ ಅದು. ಗೊಂಬೆಗಳು 28 ಮಿ.ಮೀ. ಎತ್ತರ, ಮೇಜು 180 × 120 ಸೆಂ.ಮೀ. ಬೇರೆ ಕದನಕ್ಕೂ ವಿಧಾನ ಇದೇ, ಅಂಕಿಗಳು ಮಾತ್ರ ಬದಲಾಗುತ್ತವೆ.

ಫೋಮ್ ಕತ್ತರಿಸುವ ಮೊದಲು ಲೆಕ್ಕ

ಈ ಆಟದಲ್ಲಿ ಎರಡು ಬೇರೆ ಬೇರೆ ಸ್ಕೇಲ್‌ಗಳಿವೆ, ಹೊಸಬರು ಎಡವುವುದು ಇಲ್ಲೇ. ಗೊಂಬೆಯ ಸ್ಕೇಲ್ ಒಂದು: 28 ಮಿ.ಮೀ. ಎಂದರೆ ಹೆಚ್ಚುಕಡಿಮೆ 1:56. ನೆಲದ ಸ್ಕೇಲ್ ಇನ್ನೊಂದು. ಅದನ್ನು ತುಕಡಿಯ ಅಗಲದಿಂದ ಕಂಡುಹಿಡಿಯಬೇಕು.

600 ಮಂದಿಯ ಬ್ರಿಟಿಷ್ ಬೆಟಾಲಿಯನ್ ಎರಡು ಸಾಲಿನಲ್ಲಿ ನಿಂತರೆ ಒಂದು ಸಾಲಿಗೆ 300 ಜನ. ತಲಾ 55 ಸೆಂ.ಮೀ. ಎಂದಿಟ್ಟುಕೊಂಡರೆ 165 ಮೀಟರ್ ಅಗಲ. ಒಂದು ಗೊಂಬೆ 25 ಮಂದಿಗೆ ಸಮ ಎಂದಾದರೆ ಬೆಟಾಲಿಯನ್ನಿಗೆ 24 ಗೊಂಬೆ, 20 ಮಿ.ಮೀ. ಬೇಸಿನ (ಗೊಂಬೆಯ ಕಾಲಡಿಯ ಪೀಠ) ಮೇಲೆ 12ರಂತೆ ಎರಡು ಸಾಲು ಇಟ್ಟರೆ 24 ಸೆಂ.ಮೀ. 165ನ್ನು 24ರಿಂದ ಭಾಗಿಸಿ: ಮೇಜಿನ 1 ಸೆಂ.ಮೀ. = ನೆಲದ 7 ಮೀಟರ್. ಫ್ರೆಂಚರು ಮೂರು ಸಾಲಿನಲ್ಲಿ ನಿಲ್ಲುತ್ತಿದ್ದರು. ಅದೇ 600 ಮಂದಿಗೆ 110 ಮೀಟರ್, ಗೊಂಬೆಗಳಲ್ಲಿ ಎಂಟರಂತೆ ಮೂರು ಸಾಲು, 16 ಸೆಂ.ಮೀ. ಭಾಗಿಸಿದರೆ ಮತ್ತೆ 7ರ ಹತ್ತಿರವೇ ಬರುತ್ತದೆ. ಎರಡೂ ಕಡೆ ತಾಳೆಯಾದರೆ ಸ್ಕೇಲ್ ಸರಿ ಇದೆ ಎಂದರ್ಥ.

ಈ ಒಂದು ಅಂಕಿ ಸಿಕ್ಕಿದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ. ಮೇಜು 1,260 × 840 ಮೀಟರ್ ನೆಲವನ್ನು ಹಿಡಿಯುತ್ತದೆ. ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಇಡೀ ವಾಟರ್ಲೂ ರಣರಂಗ ಇದರಲ್ಲಿ ಹಿಡಿಸದು, ಡೆರ್ಲಾನ್‌ನ ದಾಳಿ ಹಿಡಿಸುತ್ತದೆ. ನೂರು ಮೀಟರ್ ಮಸ್ಕೆಟ್ ದೂರ 14 ಸೆಂ.ಮೀ. ಆಗುತ್ತದೆ. ನೀವು ಬಳಸುವ ನಿಯಮ ಪುಸ್ತಕ 30 ಸೆಂ.ಮೀ. ಎನ್ನುತ್ತಿದ್ದರೆ, ಒಂದೋ ಆ ನಿಯಮಕ್ಕೆ ತಕ್ಕ ನೆಲ ಕಟ್ಟಿ, ಇಲ್ಲವೇ ದೂರಗಳನ್ನು ಇಳಿಸಿ. ಎರಡನ್ನೂ ಬೆರೆಸಿದರೆ ಕಣಿವೆಯ ಆಚೆಯಿಂದಲೇ ಬಂದೂಕು ಹಾರಿಸುವ ವಿಚಿತ್ರ ಕದನವಾಗುತ್ತದೆ.

ಒಂದು ವಿರೂಪವನ್ನು ಮಾತ್ರ ತಪ್ಪಿಸಲಾಗದು: ಆಳ. ಮೂರು ಸಾಲಿನ ಗೊಂಬೆಗಳು 6 ಸೆಂ.ಮೀ. ಆಳ, ಅಂದರೆ ನೆಲದ ಲೆಕ್ಕದಲ್ಲಿ 42 ಮೀಟರ್. ನಿಜವಾದ ಸಾಲು ಎರಡು ಮೂರು ಮೀಟರ್ ಅಷ್ಟೇ. ಡೆರ್ಲಾನ್‌ನ ಕೈಕೆಳಗಿನ ಮಾರ್ಕೊನ್ಯೆಯ ಡಿವಿಷನ್ ಎಂಟು ಬೆಟಾಲಿಯನ್‌ಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿ ಬಂತು. ಅದನ್ನು ಹಾಗೆಯೇ ಇಟ್ಟರೆ ಮೇಜಿನ 48 ಸೆಂ.ಮೀ. ನುಂಗುತ್ತದೆ. ಮುಂದಿನ ನಾಲ್ಕನ್ನು ಮೇಜಿನ ಮೇಲಿಟ್ಟು, ಹಿಂದಿನವನ್ನು ಮೇಜಿನಾಚೆಯ ಮೀಸಲು ಎಂದು ಬರೆದಿಟ್ಟುಕೊಳ್ಳುವುದು ವಾಸಿ.

ಎರಡು ಸ್ಕೇಲ್ ಬೆರೆಸುವುದು ಮೋಸ ಎನಿಸಿದರೆ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಸಿಬೋರ್ನ್‌ನನ್ನು ನೆನೆಯಬಹುದು. 1830ರಲ್ಲಿ ಆತ ವಾಟರ್ಲೂ ರಣರಂಗದ ಲಾ ಹೇ ಸ್ಯಾಂತ್ ತೋಟದ ಮನೆಯಲ್ಲೇ ಎಂಟು ತಿಂಗಳು ತಂಗಿ ನೆಲ ಅಳೆದ. 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ ಅವನ ವಾಟರ್ಲೂ ಮಾದರಿಯಲ್ಲೂ ಸೈನಿಕರು ನೆಲದ ಸ್ಕೇಲಿಗಿಂತ ಬಹಳ ದೊಡ್ಡವರು.

ನಕ್ಷೆ ಓದುವಾಗ

ಇಂದಿನ ಉಪಗ್ರಹ ಚಿತ್ರವನ್ನೋ ಎತ್ತರದ ನಕ್ಷೆಯನ್ನೋ ನೇರವಾಗಿ ನಂಬಬೇಡಿ. ವಾಟರ್ಲೂ ಇದಕ್ಕೆ ಪಾಠದಂಥ ಜಾಗ: 1826ರಲ್ಲಿ ಮುಗಿದ ಸಿಂಹದ ದಿಬ್ಬ ಎಂಬ ಸ್ಮಾರಕಕ್ಕೆ ಮಣ್ಣು ತುಂಬಲು ವೆಲಿಂಗ್ಟನ್‌ನ ಏಣಿನ (ಅವನ ದಂಡು ನಿಂತಿದ್ದ ಉದ್ದನೆಯ ದಿಬ್ಬ) ಒಂದು ಭಾಗವನ್ನೇ ಕೆರೆದುಬಿಟ್ಟರು. ಈಗಿನ ಎತ್ತರ ನೋಡಿ ಕಟ್ಟಿದರೆ ಅದರ ಮೇಲಿನ ತಗ್ಗು ದಾರಿಯೂ ಸಿಗುವುದಿಲ್ಲ, ಏಣೂ ಚಪ್ಪಟೆಯಾಗುತ್ತದೆ. ಕದನದ ಮರುವರ್ಷವೇ ಬಂದ ಕ್ರಾನ್‌ನ 1816ರ ನಕ್ಷೆಯಂಥ ಹಳೆಯ ದಾಖಲೆಯ ಜೊತೆ ಹೋಲಿಸಲೇಬೇಕು.

ನಕ್ಷೆಯ ಮೇಲೆ ಮೇಜಿನಷ್ಟು ಆಯತ ಎಳೆದು 60 ಸೆಂ.ಮೀ.ಯ ಆರು ಭಾಗ ಮಾಡಿ. ಆಮೇಲೆ ಪ್ರತಿ ಗುರುತಿಗೂ ಕೇಳಿ: ಇದು ಅಂದು ಯಾರ ಕೆಲಸವನ್ನಾದರೂ ಬದಲಿಸಿತೇ? ಡೆರ್ಲಾನ್‌ನ ದಾಳಿಗೆ ಹೀಗೆ ಸೋಸಿದರೆ ಉಳಿಯುವುದು ಇಷ್ಟು: ಏಣು ಮತ್ತು ಅದರ ಹಿಂಬದಿಯ ಇಳಿಜಾರು, ಏಣಿನುದ್ದಕ್ಕೂ ಪೊದೆಬೇಲಿಯ ಒಅಂ ದಾರಿ (ಒಅಂ ಎಂಬ ಹಳ್ಳಿಗೆ ಹೋಗುವ ಆ ತಗ್ಗು ದಾರಿ), ಬ್ರಸೆಲ್ಸ್ ಹೆದ್ದಾರಿ, ಲಾ ಹೇ ಸ್ಯಾಂತ್, ಹೆದ್ದಾರಿಯ ಆಚೆಬದಿಯ ಮರಳುಗುಂಡಿ (ಬ್ರಿಟಿಷ್ 95ನೇ ರೈಫಲ್ಸ್ ಅಡಗಿದ್ದು ಅಲ್ಲಿ), ಎದೆಯೆತ್ತರದ ರೈ ಪೈರು. ಒಂಟಿ ಮರ, ಸಣ್ಣ ಗುಡಿಸಲುಗಳನ್ನು ಬಿಟ್ಟುಬಿಡಿ. ಮೇಜಿನ ಮೇಲೆ ಗುರುತು ಜಾಸ್ತಿಯಾದಷ್ಟೂ ತುಕಡಿಗಳಿಗೆ ನಿಲ್ಲಲು ಜಾಗ ಕಡಿಮೆ.

ಸಾಮಾನು

- 6 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), 60 × 60 ಸೆಂ.ಮೀ.ಯ ಆರು ತುಂಡು
- 25 ಮಿ.ಮೀ. ಎಕ್ಸ್‌ಪಿಎಸ್ ಫೋಮ್ (ಮಣಿಗಳಿಲ್ಲದ ಗಟ್ಟಿ ಪಾಲಿಸ್ಟೈರೀನ್ ಶೀಟು): ಆರು ಹಲಗೆಗೂ ಒಂದು ಪದರ, ದಿಬ್ಬದ ಮೂರಕ್ಕೆ ಇನ್ನೊಂದು
- ಅಂಚಿಗೆ 3 ಮಿ.ಮೀ. ಎಂಡಿಎಫ್ ಪಟ್ಟಿ, 10 × 3 ಮಿ.ಮೀ. ನಿಯೋಡಿಮಿಯಂ ಅಯಸ್ಕಾಂತ 28
- ಪಿವಿಎ ಅಂಟು (ಮರಕ್ಕೆ ಹಚ್ಚುವ ಬಿಳಿ ಅಂಟು), ನೀರು ಆಧಾರಿತ ಕಾಂಟ್ಯಾಕ್ಟ್ ಅಂಟು, ಎರಡು ಭಾಗದ ಎಪಾಕ್ಸಿ
- ಜರಡಿ ಹಿಡಿದ ಸಣ್ಣ ಮರಳು, ಅಕ್ರಿಲಿಕ್ ವಾಲ್ ಪುಟ್ಟಿ, ಗೋಡೆಗೆ ಬಳಿಯುವ ಅಕ್ರಿಲಿಕ್ ಬಣ್ಣ (ಗಾಢ ಕಂದು, ಮಣ್ಣುಬಣ್ಣ, ಮಾಸಲು ಹಳದಿ)
- 2 ಮತ್ತು 4 ಮಿ.ಮೀ. ಸ್ಟ್ಯಾಟಿಕ್ ಗ್ರಾಸ್ (ವಿದ್ಯುತ್ ಸೆಳೆತದಿಂದ ನೆಟ್ಟಗೆ ನಿಲ್ಲುವ ಕೃತಕ ಹುಲ್ಲು), ಅದನ್ನು ಹಾಕುವ ಯಂತ್ರ
- ಬಿಸಿ ತಂತಿ ಕಟರ್, ಹೊಸ ಬ್ಲೇಡುಗಳು, ಸ್ಯಾಂಡ್‌ಪೇಪರ್, ಮಾಸ್ಕ್

ಎಕ್ಸ್‌ಪಿಎಸ್ ಬದಲು ಥರ್ಮಾಕೋಲ್ ನಡೆಯುತ್ತದೆಯೇ? ಅಡಿಪದರಕ್ಕೆ ನಡೆಯುತ್ತದೆ, ಕೆತ್ತುವ ಕಡೆ ಬೇಡ. ಚಾಕು ಇಟ್ಟಲ್ಲೆಲ್ಲ ಮಣಿ ಉದುರುತ್ತದೆ, ಅಂಚು ನಿಲ್ಲುವುದಿಲ್ಲ.

ಹಲಗೆ ಮತ್ತು ಇಳಿಜಾರು

ಎಂಡಿಎಫ್‌ನ ಎರಡೂ ಮುಖಕ್ಕೂ ನಾಲ್ಕೂ ಅಂಚಿಗೂ ಮೊದಲೇ ಒಂದು ಕೋಟ್ ಬಣ್ಣ ಹೊಡೆಯಿರಿ. ಒಂದೇ ಮುಖಕ್ಕೆ ಒದ್ದೆ ಬಿದ್ದರೆ ಆ ಕಡೆ ಹಿಗ್ಗಿ, ಒಣಗುವಾಗ ಕುಗ್ಗಿ, ಹಲಗೆ ಸೊಟ್ಟಗಾಗುತ್ತದೆ. ಸೊಟ್ಟಗಾದ ಹಲಗೆಯನ್ನು ಮತ್ತೆ ನೇರ ಮಾಡುವುದು ಬಹುಮಟ್ಟಿಗೆ ಆಗದ ಮಾತು.

ಫೋಮನ್ನು 59.4 ಸೆಂ.ಮೀ. ಚೌಕಕ್ಕೆ ಕತ್ತರಿಸಿ; ಸುತ್ತ 3 ಮಿ.ಮೀ. ಪಟ್ಟಿ ಸೇರಿದಾಗ ಸರಿಯಾಗಿ 60 ಆಗುತ್ತದೆ. ಎಂಡಿಎಫ್ ಮೇಲೆ ಫೋಮ್ ಅಂಟಿಸಲು ಪಿವಿಎ ಸಾಕು, ಮೇಲೆ ಭಾರ ಹೇರಿ ಒಂದು ದಿನ ಬಿಡಿ. ಫೋಮ್ ಮೇಲೆ ಫೋಮ್ ಅಂಟಿಸುವಾಗ ಮಾತ್ರ ಪಿವಿಎ ಕೈಕೊಡುತ್ತದೆ. ಎರಡು ಕಡೆಯೂ ಗಾಳಿಯಾಡದ ವಸ್ತು, ನಡುವಿನ ನೀರು ಹೋಗಲು ದಾರಿಯಿಲ್ಲ. ಅಂಚು ಒಣಗಿ, ಒಳಗೆ ವಾರ ಕಳೆದರೂ ಹಾಲಿನಂತೆಯೇ ಇರುತ್ತದೆ. ಅಲ್ಲಿ ನೀರು ಆಧಾರಿತ ಕಾಂಟ್ಯಾಕ್ಟ್ ಅಂಟನ್ನು ಎರಡೂ ಮುಖಕ್ಕೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಸಾಲ್ವೆಂಟ್ ಇರುವ ಮಾಮೂಲಿ ಕಾಂಟ್ಯಾಕ್ಟ್ ಅಂಟು, ಸೂಪರ್ ಗ್ಲೂ, ಸ್ಪ್ರೇ ಪೇಂಟ್ ಮೂರೂ ಫೋಮನ್ನು ಕರಗಿಸುತ್ತವೆ.

ಈಗ ಏಣು. ನಿಜವಾದ ಕಣಿವೆ ಆಳವೇನಲ್ಲ. ಏರು 250 ಮೀಟರಿನಲ್ಲಿ 17 ಮೀಟರ್ ಎಂದಿಟ್ಟುಕೊಂಡರೆ ನಮ್ಮ ಸ್ಕೇಲಿನಲ್ಲಿ 36 ಸೆಂ.ಮೀ.ಗೆ 25 ಮಿ.ಮೀ., ಅಂದರೆ ಸರಿಯಾಗಿ ಒಂದು ಫೋಮ್ ಶೀಟಿನ ದಪ್ಪ. ಉತ್ತರದ ಹಲಗೆಯನ್ನು ಹೀಗೆ ಹಂಚಿ: ಮೇಜಿನ ಅಂಚಿನಿಂದ 20 ಸೆಂ.ಮೀ. ಹಿಂಬದಿ ಇಳಿಜಾರು, 4 ಸೆಂ.ಮೀ. ನೆತ್ತಿ, 36 ಸೆಂ.ಮೀ. ಮುಂಬದಿ ಇಳಿಜಾರು. ಒಟ್ಟು 60. ಹೀಗೆ ಮಾಡಿದರೆ ಉತ್ತರ–ದಕ್ಷಿಣ ಹಲಗೆಗಳು ಸೇರುವ ಗೆರೆ ಕಣಿವೆಯ ತಳದಲ್ಲಿ ಬರುತ್ತದೆ, ಎರಡೂ ಕಡೆ ಒಂದೇ ಎತ್ತರ. ಇಳಿಜಾರಿನ ನಡುವೆ ಕೀಲು ಬಂದರೆ ಅದನ್ನು ಮುಚ್ಚಲು ಪಡುವ ಪಾಡು ಹೇಳತೀರದು.

ಉದ್ದನೆಯ ಇಳಿಜಾರನ್ನು ಕಣ್ಣಳತೆಯಲ್ಲಿ ಹೆರೆಯಬೇಡಿ. ಮರದ ಎರಡು ಪಟ್ಟಿಗಳನ್ನು 36 ಸೆಂ.ಮೀ.ಗೆ 25 ಮಿ.ಮೀ. ಇಳಿಯುವ ಬೆಣೆಯಾಗಿ ಕತ್ತರಿಸಿ, ಹಲಗೆಯ ಎರಡೂ ಬದಿಗೆ ಕ್ಲ್ಯಾಂಪ್ ಮಾಡಿ. 65–70 ಸೆಂ.ಮೀ. ತಂತಿಯ ಬಿಲ್ಲು ಕಟರನ್ನು ಎರಡೂ ಬೆಣೆಗಳ ಮೇಲೆ ಕೂರಿಸಿ, ಇಬ್ಬರು ಸೇರಿ ನಿಧಾನವಾಗಿ ಎಳೆಯಿರಿ. ತಂತಿ ತಾನೇ ಕರಗಿಸಿಕೊಂಡು ಸಾಗಬೇಕು. ಅವಸರ ಮಾಡಿ ತಳ್ಳಿದರೆ ತಂತಿಯ ನಡುಭಾಗ ಹಿಂದೆ ಉಳಿದು ಬಾಗುತ್ತದೆ, ಇಳಿಜಾರಿನಲ್ಲಿ ಅಲೆ ಬೀಳುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಅಲ್ಲಿ ಗುಳಿ. ಹೊಗೆ ಕೆಟ್ಟದ್ದು, ಕಿಟಕಿಗಳೆಲ್ಲ ತೆರೆದಿರಲಿ. ಬಣ್ಣ ಹಚ್ಚಿದ ಫೋಮಿಗೆ ಬಿಸಿ ತಂತಿ ತಾಗಿಸಲೇಬೇಡಿ. ಹಿಂಬದಿಗೆ 20 ಸೆಂ.ಮೀ.ಗೆ 12 ಮಿ.ಮೀ. ಇಳಿತ ಸಾಕು.

ಬೇರೆ ಕದನಗಳಲ್ಲಿ ಕಡಿದಾದ ಗುಡ್ಡ ಬಂದರೆ 1:4 ಅನ್ನು ಗಡಿಯಾಗಿಟ್ಟುಕೊಳ್ಳಿ: 25 ಮಿ.ಮೀ. ಏರಿಗೆ ಕನಿಷ್ಠ 10 ಸೆಂ.ಮೀ. ಓಟ, ಸುಮಾರು 14 ಡಿಗ್ರಿ. ಅದಕ್ಕಿಂತ ಕಡಿದಾದರೆ ಲೋಹದ ಗೊಂಬೆಗಳು ಜಾರತೊಡಗುತ್ತವೆ, ಕುದುರೆ ಸವಾರರಂತೂ ತಲೆಭಾರಕ್ಕೆ ಮಗುಚುತ್ತಾರೆ.

ಒಅಂ ದಾರಿಯನ್ನು ನೆತ್ತಿಯ ಮೇಲೆ 6–8 ಮಿ.ಮೀ. ಆಳಕ್ಕೆ ಕೊರೆಯಿರಿ. ಅಗಲ 4.5 ಸೆಂ.ಮೀ. ಇರಲಿ, ನೆಲದ ಸ್ಕೇಲಿಗೆ ಅದು ಬಹಳ ಹೆಚ್ಚು, ಆದರೂ 40 ಮಿ.ಮೀ. ಬೇಸ್ ಒಳಗೆ ಕೂರಬೇಕಲ್ಲ. ಮರಳುಗುಂಡಿ 12 ಮಿ.ಮೀ. ಆಳ, ತಳ ಸಪಾಟು. ಸಮತಟ್ಟು ನೆಲಕ್ಕೂ 25 ಮಿ.ಮೀ. ಫೋಮ್ ಹಾಕಿದ್ದು ಇದಕ್ಕೇ, ಕೆಳಗೆ ಅಗೆಯಲು ಜಾಗ ಬೇಕು.

ಅಯಸ್ಕಾಂತಗಳನ್ನು ಹಲಗೆ ಹಲಗೆ ಸೇರುವ ಅಂಚಿನಲ್ಲಿ ಮಾತ್ರ, ಮೂಲೆಯಿಂದ 15 ಮತ್ತು 45 ಸೆಂ.ಮೀ.ನಲ್ಲಿ, ಪಟ್ಟಿಗೆ 10 ಮಿ.ಮೀ. ತೂತು ಕೊರೆದು ಎಪಾಕ್ಸಿಯಿಂದ ಕೂರಿಸಿ. ಅಂಚನ್ನು ಹೊರಗಿನಿಂದ ನೋಡುವಾಗ ಎಡಕ್ಕೆ ಉತ್ತರ ಧ್ರುವ, ಬಲಕ್ಕೆ ದಕ್ಷಿಣ ಧ್ರುವ ಹೊರಮುಖವಾಗಿರಲಿ. ಎದುರಿನ ಹಲಗೆಯ ಬಲ ನಮ್ಮ ಎಡಕ್ಕೆ ಬರುವುದರಿಂದ ಯಾವ ಅಂಚು ಯಾವುದಕ್ಕೆ ಸೇರಿದರೂ ಎಳೆದುಕೊಳ್ಳುತ್ತವೆ. ಎಪಾಕ್ಸಿ ಹಾಕುವ ಮೊದಲು ಪ್ರತಿಯೊಂದರ ಮುಖಕ್ಕೂ ಮಾರ್ಕರ್‌ನಲ್ಲಿ ಗುರುತು ಹಾಕಿ. ಒಂದು ತಿರುಗುಮುರುಗಾದರೂ ಎರಡು ಹಲಗೆ ಜನ್ಮಪೂರ್ತಿ ಜಗಳವಾಡುತ್ತವೆ.

ಮಣ್ಣು, ಬಣ್ಣ, ಹುಲ್ಲು

ಮರಳು 2 ಪಾಲು, ಪುಟ್ಟಿ 1, ಪಿವಿಎ 1, ಗಾಢ ಕಂದು ಬಣ್ಣ 1. ನೀರು ಹನಿಹನಿಯಾಗಿ, ದೋಸೆ ಹಿಟ್ಟಿಗಿಂತ ಗಟ್ಟಿ. ಇಡೀ ಮೇಜಿಗೆ ಒಂದೂವರೆ ಮಿ.ಮೀ. ದಪ್ಪ ಬಳಿಯಲು 3.2 ಲೀಟರ್ ಬೇಕು, ಆದ್ದರಿಂದ ನಾಲ್ಕು ಲೀಟರ್ ಒಂದೇ ಸಲ ಕಲಸಿ. ಎರಡನೇ ಸಲ ಕಲಸಿದ್ದು ಎಂದೂ ಅದೇ ಬಣ್ಣ ಬರುವುದಿಲ್ಲ. ಮಿಕ್ಕಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಗೊಂಬೆಗಳ ಬೇಸಿಗೂ ಅದನ್ನೇ ಬಳಿಯಿರಿ. ಬೇಸ್ ಮತ್ತು ನೆಲ ಒಂದೇ ಮಣ್ಣಾದರೆ ಸೈನಿಕರು ನಾಣ್ಯದ ಮೇಲೆ ನಿಂತ ಹಾಗೆ ಕಾಣುವುದಿಲ್ಲ.

ಎರಡು ಮಿ.ಮೀ. ಮೀರಿ ಬಳಿದರೆ ಒಣಗುವಾಗ ಬಿರುಕು ಬಿಡುತ್ತದೆ. ಹಲಗೆಗಳನ್ನು ಜೋಡಿಸಿ, ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು, ಕೀಲಿನ ಮೇಲೆಯೇ ಒಟ್ಟಿಗೆ ಬಳಿಯಿರಿ. ಅರೆ ಒಣಗಿದಾಗ ಹಾಳೆಯ ಗುಂಟ ಬ್ಲೇಡ್ ಎಳೆದು ಬೇರ್ಪಡಿಸಿ. ಎರಡು ಬದಿಯ ಎತ್ತರ ತಾನೇ ಹೊಂದುತ್ತದೆ.

ಪೂರ್ತಿ ಒಣಗಿದ ಮೇಲೆ ಮಣ್ಣುಬಣ್ಣದಲ್ಲಿ ಒಂದು ಡ್ರೈಬ್ರಶ್, ಏರುಗಳ ತುದಿಗೆ ಮಾಸಲು ಹಳದಿಯಲ್ಲಿ ಇನ್ನೊಂದು, ಅದು ಬಹಳ ತೆಳುವಾಗಿ. ಬ್ರಶ್ಶಿನ ಬಣ್ಣವನ್ನು ಬಟ್ಟೆಗೆ ಒರೆಸಿ, ಇನ್ನು ಏನೂ ಉಳಿದಿಲ್ಲ ಎನಿಸಿದ ಮೇಲೆ ಆಡಿಸಿ.

ಹುಲ್ಲಿಗೆ ಮೂರು ಬಣ್ಣ ಬೆರೆಸಿ: ಗಾಢ ಹಸಿರು, ಎಲೆ ಹಸಿರು, ಒಣಹುಲ್ಲಿನ ಹಳದಿ. ಒಂದೇ ಹಸಿರು ಹಾಕಿದರೆ ಬಿಲಿಯರ್ಡ್ಸ್ ಮೇಜಿನ ಹೊದಿಕೆ ಕಂಡ ಹಾಗಾಗುತ್ತದೆ. ಪಿವಿಎಗೆ ಕಾಲು ಪಾಲು ನೀರು ಬೆರೆಸಿ, ಒಮ್ಮೆಗೆ ಅಂಗೈಯಗಲ ಮೂರು ನಾಲ್ಕು ತೇಪೆಗಳಿಗೆ ಮಾತ್ರ ಹಚ್ಚಿ, ಯಂತ್ರದ ನೆಲತಂತಿಯ ಕ್ಲಿಪ್ ಆ ಒದ್ದೆ ಅಂಟಿಗೇ ತಾಗಿರುವಂತೆ ಪಿನ್ ಚುಚ್ಚಿ. ಹುಲ್ಲು ಮಲಗಿಬಿಡಲು ಕಾರಣ ಸಾಮಾನ್ಯವಾಗಿ ಎರಡೇ: ಪಿನ್ ಒಣನೆಲದಲ್ಲಿದೆ, ಇಲ್ಲವೇ ಅಂಟಿನ ಮೇಲೆ ಕೆನೆ ಕಟ್ಟಿದೆ. ರಸ್ತೆ ಅಂಚು, ಬಾಗಿಲ ಮುಂದೆ, ತುಕಡಿಗಳು ತುಳಿಯುವ ಕಡೆ ಮಣ್ಣು ಕಾಣುವಂತೆ ಬಿಡಿ.

ಹಿಂದಿನ ರಾತ್ರಿಯ ಮಳೆಯಿಂದ ವಾಟರ್ಲೂ ನೆಲ ಕೆಸರಾಗಿತ್ತು. ಚಕ್ರದ ಜಾಡು, ಗುಂಡಿಗಳಿಗೆ ಕಂದು ವಾಶ್ (ತೀರ ತೆಳುವಾಗಿ ನೀರು ಬೆರೆಸಿದ ಬಣ್ಣ) ಮೇಲೆ ಹೊಳಪು ವಾರ್ನಿಶ್ ಹನಿಸಿದರೆ ಸಾಕು. ಬೇರೆ ಮೇಜಿಗೆ ಹೊಳೆ ಬೇಕಾದರೆ ತಳಕ್ಕೆ ನಡುವೆ ಗಾಢ, ಅಂಚಿಗೆ ತಿಳಿ ಬಣ್ಣ ಹಚ್ಚಿ, ಎಪಾಕ್ಸಿ ರೆಸಿನ್ನನ್ನು 2–3 ಮಿ.ಮೀ. ಪದರಗಳಲ್ಲಿ ಸುರಿಯಿರಿ. ಒಮ್ಮೆಗೇ ದಪ್ಪ ಸುರಿದರೆ ಗಟ್ಟಿಯಾಗುವಾಗಿನ ಬಿಸಿಗೆ ಬಿರಿಯುತ್ತದೆ, ಅಡಿಯ ಫೋಮೂ ಕುಗ್ಗುತ್ತದೆ.

ಲಾ ಹೇ ಸ್ಯಾಂತ್

ಕಟ್ಟಡದಲ್ಲಿ ಎರಡು ಸ್ಕೇಲ್‌ಗಳ ಜಗಳ ಕಣ್ಣಿಗೆ ಹೊಡೆಯುತ್ತದೆ. 50 ಮೀಟರ್ ಉದ್ದದ ತೋಟದ ಮನೆ 1:56ರಲ್ಲಿ 90 ಸೆಂ.ಮೀ., ಅರ್ಧ ಮೇಜು. ನೆಲದ ಸ್ಕೇಲಿನಲ್ಲಿ 7 ಸೆಂ.ಮೀ., ಗೊಂಬೆಯ ಮುಂದೆ ಬೆಂಕಿಪೊಟ್ಟಣ. ಎತ್ತರ, ಬಾಗಿಲುಗಳನ್ನು ಗೊಂಬೆಗೆ ಹೊಂದಿಸಿ, ಉದ್ದಗಲವನ್ನು ಕಡಿತ ಮಾಡುವುದೇ ದಾರಿ. 25 × 20 ಸೆಂ.ಮೀ. ಒಳಗೆ ಒಂದು ಮನೆ, ಒಂದು ದೊಡ್ಡ ಕೊಟ್ಟಿಗೆ, ಗೋಡೆ, ಹೆದ್ದಾರಿಗೆ ಮುಖ ಮಾಡಿದ ಹೆಬ್ಬಾಗಿಲು.

ಅಳತೆ ಸರಿಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಈ ಮನೆಯನ್ನು ವೆಲಿಂಗ್ಟನ್ ಪರವಾಗಿ ಕಾಯುತ್ತಿದ್ದ ಮೇಜರ್ ಬೇರಿಂಗ್‌ನ ಕೈಕೆಳಗೆ ಮೊದಲು ಅಲ್ಲಿದ್ದವರು ಸುಮಾರು 400 ಮಂದಿ, ನಮ್ಮ ಲೆಕ್ಕದಲ್ಲಿ 16 ಗೊಂಬೆ. ಹದಿನಾರೂ ಗೋಡೆಯ ಹಿಂದೆ, ಅಂಗಳದಲ್ಲಿ ನಿಲ್ಲಬೇಕು, ಚಾವಣಿಗಳು ಎತ್ತಿಡುವಂತಿರಬೇಕು. ಕೊಟ್ಟಿಗೆಯ ಒಂದು ಬಾಗಿಲನ್ನು ಮಾಡಲೇಬೇಡಿ. ಹಿಂದಿನ ರಾತ್ರಿ ಚಳಿ ಕಾಯಿಸಲು ಸೈನಿಕರು ಅದನ್ನು ಉರಿಸಿಬಿಟ್ಟಿದ್ದರು, ಮರುದಿನ ಇಡೀ ಅದೇ ತೆರಪಿನಲ್ಲಿ ಕಾದಾಡಬೇಕಾಯಿತು. ಸಂಜೆ ಅವರ ರೈಫಲ್‌ಗಳಿಗೆ ಮದ್ದುಗುಂಡು ತೀರಿ ಮನೆ ಫ್ರೆಂಚರ ಕೈಸೇರಿತು. ಹಾಗಾಗಿ ಈ ತುಕಡಿಗೆ ಗುಂಡಿನ ಲೆಕ್ಕ ಇಡುವ ಚೀಟಿಯನ್ನೂ ಆಟದಲ್ಲಿ ಸೇರಿಸಿ.

ಗೋಡೆಗೆ 5 ಮಿ.ಮೀ. ಫೋಮ್ ಬೋರ್ಡ್, ಕಾಗದ ಸುಲಿದು ಬಾಲ್‌ಪೆನ್ನಿನಿಂದ ಇಟ್ಟಿಗೆ ಒತ್ತಿ. ಮನೆ ನಿಲ್ಲುವ ಕಡೆ ಇಳಿಜಾರನ್ನು ಕೆತ್ತಿ ಸಪಾಟು ಮಾಡದಿದ್ದರೆ ಗೋಡೆಯಡಿ ಬೆಳಕು ನುಸುಳುತ್ತದೆ.

ಪೈರಿಗೆ ತೆಂಗಿನ ನಾರಿನ ಕಾಲೊರಸಿಗಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ. ನಾರನ್ನು 20 ಮಿ.ಮೀ. ಎತ್ತರಕ್ಕೆ ಕತ್ತರಿಸಿ, ಹಳದಿ-ಹಸಿರು ಬಣ್ಣ ಸವರಿ, 6 × 6 ಸೆಂ.ಮೀ. ಚೌಕಗಳಾಗಿ ತುಂಡು ಮಾಡಿ. ತುಕಡಿ ನುಗ್ಗಿದ ಕಡೆ ಚೌಕಗಳನ್ನು ತೆಗೆಯುತ್ತ ಹೋದರೆ ತುಳಿದ ಪೈರಿನ ದಾರಿ ತಾನೇ ಕಾಣುತ್ತದೆ. ಮರಗಳಿಗೆ 0.8 ಮಿ.ಮೀ.ಯ 20–25 ಎಳೆ ತಂತಿ ಹೊಸೆದು, ಕೊಂಬೆ ಬಿಡಿಸಿ, ಪುಟ್ಟಿ-ಪಿವಿಎ ಸವರಿ, ಮೇಲೆ ಫೋಮ್ ಎಲೆ. 12 ಸೆಂ.ಮೀ. ಎತ್ತರ ಸಾಕು, ಅಡಿಗೆ ಕಬ್ಬಿಣದ ವಾಷರ್ ಅಂಟಿಸಿ. ಕಾಡಿನ ಗಡಿಯನ್ನು ನೆಲದ ಬಣ್ಣದಲ್ಲೇ ತೋರಿಸಿ, ಮರಗಳನ್ನು ಬಿಡಿಯಾಗಿಡಿ. ತುಕಡಿ ಒಳಹೊಕ್ಕಾಗ ಮರ ಎತ್ತಿಟ್ಟರೂ ಕಾಡು ಎಲ್ಲಿಯವರೆಗೆ ಎಂಬುದು ತಿಳಿಯುತ್ತದೆ.

ಆಟಕ್ಕೆ ಇಳಿಸುವಾಗ

ಆಟ ಶುರುವಾಗುವ ಮೊದಲು ಇಬ್ಬರೂ ಮೇಜಿನ ಸುತ್ತ ಒಂದು ಸುತ್ತು ಹಾಕಿ, ಪ್ರತಿ ತುಂಡನ್ನೂ ಮುಟ್ಟಿ, ಅದರ ನಿಯಮವನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಪೊದೆಬೇಲಿ ದಾಟಲು ಅರ್ಧ ನಡಿಗೆ, ಹಗುರ ಮರೆ. ರೈ ಪೈರಿನಲ್ಲಿ ಮುಕ್ಕಾಲು ನಡಿಗೆ, ಕಣ್ಣಿಗೆ ಮರೆ, ಗುಂಡಿಗೆ ಮರೆಯಿಲ್ಲ. ಕೆಸರು ನೆಲದಲ್ಲಿ ಫಿರಂಗಿ ಗುಂಡು ಪುಟಿಯುವ ದೂರ ಅರ್ಧ. ಇದನ್ನು ಒಂದು ಹಾಳೆಯಲ್ಲಿ ಬರೆದು ಮೇಜಿನ ಅಂಚಿಗೆ ಅಂಟಿಸಿ. ಆಟದ ನಡುವೆ ಏಳುವ ಜಗಳಗಳಲ್ಲಿ ಹೆಚ್ಚಿನವು ನೆಲದ ಬಗ್ಗೆಯೇ.

ದಿಬ್ಬದ ಹಿಂಬದಿ ದಂಡನ್ನು ಅಡಗಿಸುವುದು ವೆಲಿಂಗ್ಟನ್‌ನ ಪ್ರಸಿದ್ಧ ಉಪಾಯ. ಮೇಜಿನ ಮೇಲೆ ಅದು ಸುಮ್ಮನೆ ನಡೆಯುವುದಿಲ್ಲ: ಏಣು 25 ಮಿ.ಮೀ., ಅದರ ಹಿಂದೆ ನಿಂತವನ ಟೋಪಿ ಅದಕ್ಕಿಂತ ಎತ್ತರ, ಮೇಲಾಗಿ ಆಟಗಾರ ಹದ್ದಿನ ಕಣ್ಣಿಂದ ಎಲ್ಲವನ್ನೂ ನೋಡುತ್ತಾನೆ. ಆದ್ದರಿಂದ ನೆತ್ತಿಯ ಗೆರೆಯನ್ನು ಹುಲ್ಲಿನ ಬಣ್ಣದಲ್ಲೇ ತುಸು ತಿಳಿಯಾಗಿ ಗುರುತಿಸಿ, ಗೆರೆಯಿಂದ 4 ಸೆಂ.ಮೀ. ಹಿಂದೆ ಇರುವುದೆಲ್ಲ ಕಣಿವೆಯಲ್ಲಿರುವವರಿಗೆ ಕಾಣದು ಎಂದು ನಿಯಮ ಮಾಡಿ. ಅಲ್ಲಿ ಗೊಂಬೆಗಳ ಬದಲು 24 × 4 ಸೆಂ.ಮೀ. ರಟ್ಟಿನ ಪಟ್ಟಿಗಳನ್ನಿಡಿ, ಮೂರರಲ್ಲಿ ಒಂದು ಖಾಲಿ. ಫ್ರೆಂಚ್ ತುಕಡಿ ಬೇಲಿ ಮುಟ್ಟಿದ ಮೇಲೆ ಮಾತ್ರ ಪಟ್ಟಿ ತಿರುವಿ ಗೊಂಬೆ ಇಡಿ. ಡೆರ್ಲಾನ್‌ನ ಸೈನಿಕರಿಗೆ ಅಂದು ಏನು ಅನುಭವವಾಯಿತು ಎಂಬುದರ ಸುಳಿವು ಫ್ರೆಂಚ್ ಪಾಳಿಯಲ್ಲಿ ಕೂತವರಿಗೆ ಆಗ ಸಿಗುತ್ತದೆ.

ಮೇಜಿನ ಆಳ 120 ಸೆಂ.ಮೀ. ಮೀರದಿರಲಿ, ಅದಕ್ಕಿಂತ ಹೆಚ್ಚಾದರೆ ನಡುವಿನ ಗೊಂಬೆಗಳಿಗೆ ಕೈ ಎಟುಕದೆ ಮೊಣಕೈ ಊರುತ್ತಾರೆ, ಫೋಮ್ ಗುಳಿ ಬೀಳುತ್ತದೆ. ಗುಳಿ ಬಿದ್ದರೆ ಡಬ್ಬಿಯಲ್ಲಿಟ್ಟ ಮಣ್ಣಿನ ಮಿಶ್ರಣವನ್ನು ತುಂಬಿ, ಒಣಗಿಸಿ, ಹುಲ್ಲು ಹಾಕಿ. ಹಲಗೆಗಳ ಅಡಿಯಲ್ಲಿ ಸಂಖ್ಯೆಯನ್ನೂ ಉತ್ತರದ ಬಾಣವನ್ನೂ ಬರೆದಿಡಿ. ಎತ್ತಿಡುವಾಗ ನೆಟ್ಟಗೆ, ಪುಸ್ತಕಗಳ ಹಾಗೆ, ನಡುವೆ 5 ಸೆಂ.ಮೀ. ಫೋಮ್ ತುಂಡು ಕೊಟ್ಟು ಜೋಡಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಟ್ಟು ಹೋಗಬೇಡಿ, ಬಿಸಿಗೆ ಫೋಮ್ ಬಾಗಿ ಅಂಟು ಬಿಡುತ್ತದೆ.